ಭುಜದ ಫಿಲ್ಮು

ಆಟಗಾರ ಗೆಲ್ಲುವುದು ಹೇಗೆ ಎಂದು ಲ್ಯಾಪ್‌ಟಾಪಿನೊಳಗಿನ ಕೃತಕ ಬುದ್ಧಿ ಬೆಳಿಗ್ಗೆಯಿಂದ ಮೂರನೆಯ ಸಲ ಕೇಳಿತ್ತು. ಪ್ರತಿ ಸಲವೂ ಅದೇ ವಿನಯ, ಬಟ್ಟೆಯಂಗಡಿಗೆ ಹೊಸದಾಗಿ ಕೆಲಸಕ್ಕೆ ಸೇರಿದವರ ವಿನಯ. "ತುಂಬ ಸೊಗಸಾದ ಯೋಚನೆ! ಇನ್ನು ಒಂದೇ ಒಂದು ವಿಷಯ ತೀರ್ಮಾನವಾಗಬೇಕು. ಈ ಆಟದಲ್ಲಿ ಆಟಗಾರ ಗೆಲ್ಲುವುದು ಹೇಗೆ?" ಮೊದಲ ಸಲ ಅವಳು 'ಗೊತ್ತಿಲ್ಲ' ಎಂದು ಬರೆದಿದ್ದಳು. ಎರಡನೆಯ ಸಲ 'ಗೆಲ್ಲಲೇಬೇಕಾ' ಎಂದು ಬರೆದಳು. ಗೆಲುವಿಲ್ಲದ ಆಟಗಳೂ ಇವೆ, ಅವನ್ನು ಇಷ್ಟಪಡುವವರೂ ಇದ್ದಾರೆ ಎಂದು ಅದು ಸಮಾಧಾನ ಹೇಳಿತು. ಗೋಡೆಯ ಬಣ್ಣ ಬದಲಾಯಿಸು ಎಂದರೆ ಬದಲಾಯಿಸಿಕೊಟ್ಟು, ಕೊನೆಯಲ್ಲಿ ತಿರುಗಿ ಅದನ್ನೇ ಕೇಳಿತು. ಈಗ ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಎದುರು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಹೆಂಗಸೊಬ್ಬಳು ಕಿಟಕಿಯ ಗಾಜು ಒರೆಸುತ್ತಿದ್ದಳು. ಕೈ ಮೇಲಕ್ಕೆ ಹೋದಾಗಲೆಲ್ಲ ಭುಜದ ಗುಂಡು ಅದರ ಬಟ್ಟಲಿನೊಳಗೆ ತಿರುಗುವುದು ಬಟ್ಟೆ, ಚರ್ಮ ಯಾವುದೂ ಅಡ್ಡವಿಲ್ಲದ ಹಾಗೆ ಅವಳಿಗೆ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕಳೆದವಳಿಗೆ ಅದೇನೂ ದೊಡ್ಡ ವಿಷಯವಲ್ಲ. ಬಸ್ಸಿನಲ್ಲಿ ಎದುರು ಕೂತವರ ಮೊಣಕಾಲು ಸವೆದದ್ದು ಕಾಣುತ್ತದೆ, ಲಿಫ್ಟಿನಲ್ಲಿ ಮುಂದೆ ನಿಂತವರ ಕತ್ತಿನ ಮಣಿಗಳು ಕಾಣುತ್ತವೆ. ಕಂಡು ಏನೂ ಅನಿಸುವುದಿಲ್ಲ.

ಇದು ರಜೆಯ ಹನ್ನೆರಡನೆಯ ದಿನ. ಅವಳು ಕೇಳಿದ ರಜೆಯಲ್ಲ. ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಜನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸುತ್ತಾರೆ. ಮೈಗೆ ಎಷ್ಟು ಕಿರಣ ತಗಲಿದೆ ಎಂದು ಅದು ಹೇಳುತ್ತದೆ. ಈ ಸಲ ಅವಳ ಬ್ಯಾಜು ಹೆಚ್ಚು ತೋರಿಸಿತ್ತು, ಬೆಚ್ಚಿಬೀಳುವಷ್ಟು ಹೆಚ್ಚು. ಆಫೀಸಿನವರು ಅವಳನ್ನು ಕೂರಿಸಿ ತಲೆಸುತ್ತು ಬರುತ್ತದೆಯೇ, ಕೂದಲು ಉದುರುತ್ತಿದೆಯೇ, ಊಟ ಸೇರುತ್ತದೆಯೇ ಎಂದೆಲ್ಲ ಕೇಳಿದರು. ಇಲ್ಲ, ಇಲ್ಲ, ಸೇರುತ್ತದೆ. ಏನಾದರೂ ಬೇರೆ ಥರ ಅನಿಸುತ್ತದೆಯೇ? ಅವಳು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿ, ಏನೂ ಅನಿಸುವುದಿಲ್ಲ ಎಂದಳು. ಸರಿ, ಎರಡು ವಾರ ಮನೆಯಲ್ಲಿರಿ, ವಿಚಾರಣೆ ಮುಗಿಯಲಿ, ಅಷ್ಟರಲ್ಲಿ ಒಂದು ವಿವರಣೆ ಬರೆದುಕೊಡಿ ಎಂದರು. ಆ ವಿವರಣೆ ಬರೆಯಲೆಂದೇ ಅವಳು ಸಹೋದ್ಯೋಗಿಯಿಂದ ಕೊಂಡ ಹಳೆಯ ಲ್ಯಾಪ್‌ಟಾಪನ್ನು ಕಪಾಟಿನಿಂದ ತೆಗೆದದ್ದು. ಎಲ್ಲರೂ ಬಳಸುವ ಕೃತಕ ಬುದ್ಧಿಯ ಹತ್ತಿರ ಬರೆಸಿದ್ದು. ಅದು ಬರೆದುಕೊಟ್ಟ ಪತ್ರದಲ್ಲಿ ಎಷ್ಟೊಂದು ಪಶ್ಚಾತ್ತಾಪವಿತ್ತೆಂದರೆ ಓದುತ್ತ ಓದುತ್ತ ಅವಳಿಗೇ ತಾನೇನೋ ಕೊಲೆ ಮಾಡಿರಬೇಕು ಅನಿಸಿತು. ಎರಡು ಸಾಲು ಉಳಿಸಿಕೊಂಡು ಮಿಕ್ಕಿದ್ದನ್ನು ಅಳಿಸಿದಳು. ಇನ್ನೇನಾದರೂ ಸಹಾಯ ಬೇಕೇ ಎಂದು ಅದು ಕೇಳಿತು. ಮನೆಯಲ್ಲಿ ಅವಳನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ. ಗಂಡನಿಂದ ಬೇರೆಯಾಗಿ ಹತ್ತು ವರ್ಷವಾಗಿತ್ತು, ಮಕ್ಕಳಿಲ್ಲ. ಏನೂ ಬೇಡ ಅನ್ನುವುದು ಮರ್ಯಾದೆಯಲ್ಲ ಅನಿಸಿತೋ ಏನೋ, 'ಆಟ ಮಾಡಲು ಬರುತ್ತದಾ' ಎಂದು ಬರೆದಳು. ಅವಳು ಆಡಿದ ಆಟವೆಂದರೆ ಫೋನಿನಲ್ಲಿ ಬಣ್ಣದ ಗೋಲಿಗಳನ್ನು ಸಾಲಾಗಿ ಜೋಡಿಸಿ ಒಡೆಯುವುದು, ಅಷ್ಟೇ. "ಖಂಡಿತ! ಯಾವ ಥರದ ಆಟ?" ಎಂದಿತು ಅದು. ಅವಳು 'ಎಕ್ಸ್‌ರೇ ಕೋಣೆ' ಎಂದಳು. ಬೇರೆ ಯಾವ ಕೋಣೆಯೂ ಅವಳಿಗೆ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಮೊದಲ ದಿನ ಒಂದು ಚೌಕ ಎಡಕ್ಕೂ ಬಲಕ್ಕೂ ಓಡಾಡಿತು. ಎರಡನೆಯ ದಿನ ಚೌಕಕ್ಕೆ ತಲೆ ಬಂತು. ಗೋಡೆಯ ಮೂಲಕ ಹಾದುಹೋಗುತ್ತಿದೆ ಎಂದು ಅವಳು ದೂರಿದರೆ, "ಕ್ಷಮಿಸಿ, ನೀವು ಹೇಳಿದ್ದು ಸರಿ, ಈಗ ಸರಿಪಡಿಸಿದ್ದೇನೆ" ಎನ್ನುತ್ತಿತ್ತು. ನೋಡಿದರೆ ತಲೆ ಮಾತ್ರ ಗೋಡೆಗೆ ತಾಗಿ ನಿಲ್ಲುತ್ತಿತ್ತು, ಮೈ ಆಚೆ ಹೋಗಿರುತ್ತಿತ್ತು. ತಿರುಗಿ ಹೇಳುವಳು, ತಿರುಗಿ ಕ್ಷಮೆ, ತಿರುಗಿ ಸರಿಪಡಿಸಿದ್ದೇನೆ. ಇಷ್ಟು ಸುಲಭವಾಗಿ ತಪ್ಪೊಪ್ಪಿಕೊಳ್ಳುವವರನ್ನು ಅವಳು ಕಂಡಿರಲಿಲ್ಲ. ಚಿತ್ರ ಬರೆಯುವುದಕ್ಕೆ ಇನ್ನೊಂದು ಕೃತಕ ಬುದ್ಧಿಯಿತ್ತು. ಎದೆಯ ಎಕ್ಸ್‌ರೇ ಬೇಕು ಎಂದರೆ ಅದು ಒಂದು ಕಡೆ ಹದಿನಾಲ್ಕು ಪಕ್ಕೆಲುಬು ಹಾಕಿಕೊಟ್ಟಿತು. ಅವಳು ಪರದೆಯ ಮೇಲೆ ಬೆರಳಿಟ್ಟು ಎಣಿಸಿದಳು. ಹನ್ನೆರಡು ಎಂದು ಬರೆದಳು. ಹನ್ನೊಂದು ಬಂತು. ನಾಲ್ಕು ದಿನ ಅದರ ಜೊತೆ ಗುದ್ದಾಡಿ, ಕಡೆಗೆ ಉದ್ದನೆಯ ಓಣಿ, ಓಣಿಯ ಕೊನೆಗೆ ಕೋಣೆ, ಕೋಣೆಯ ಮೂಲೆಯಲ್ಲಿ ಗಾಜು ಹಾಕಿದ ಗೂಡು, ಇಷ್ಟನ್ನು ನಿಲ್ಲಿಸಿದಳು. ಆಟಗಾರ ಗೂಡಿನೊಳಗೆ ನಿಲ್ಲಬೇಕು. ರೋಗಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಅವರನ್ನು ಹಲಗೆಗೆ ಒರಗಿಸಿ, ಭುಜ ತಿರುಗಿಸಿ, ಉಸಿರು ಹಿಡ್ಕೊಳ್ಳಿ ಅಂದು, ಗುಂಡಿ ಒತ್ತಿ, ಉಸಿರು ಬಿಡಿ ಅನ್ನಬೇಕು. ಫಿಲ್ಮು ಮೂಡುತ್ತದೆ. ಈಗ ಎಲ್ಲವೂ ಪರದೆಯ ಮೇಲೇ, ಫಿಲ್ಮು ಅನ್ನುವುದೇ ಇಲ್ಲ. ಆದರೂ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಅದು ಫಿಲ್ಮೇ. ಫಿಲ್ಮಿನ ಕೆಳಗೆ ಎರಡು ಗುಂಡಿ: 'ಹೇಳು', 'ಹೇಳಬೇಡ'. ರೋಗಿಗಳಲ್ಲಿ ಮೂವರು ಬೇಗ ಸಿದ್ಧವಾದರು. ನಾಲ್ಕನೆಯವನ ನಡಿಗೆಗೆ ಮೂರು ದಿನ ಹಿಡಿಯಿತು. ಬಲ ಹೆಗಲಿಗೆ ಭಾರದ ಚೀಲ ಹಾಕಿ ಹಾಕಿ ಮೈ ಎಡಕ್ಕೆ ವಾಲಬೇಕು, ಹಿಮ್ಮಡಿ ಮೊದಲು ಊರಬೇಕು, ಬಾಗಿಲ ಹತ್ತಿರ ಬಂದಾಗ ಒಂದು ಗಳಿಗೆ ನಿಂತು ಚೌಕಟ್ಟಿನ ಮೇಲ್ಭಾಗವನ್ನು ನೋಡಬೇಕು. ಯಾರೋ ಒಬ್ಬ ಗಂಡಸು ಎಂದು ಅವಳು ತನಗೆ ಹೇಳಿಕೊಂಡಿದ್ದಳು. ಬೋಳುತಲೆಯ ಯಾರೋ ಒಬ್ಬರು.

ಫೋನು ಅದುರಿತು. ವಿಭಾಗದಿಂದ, ಎಲ್ಲರೂ ಕಡ್ಡಿ ಎಂದು ಕರೆಯುವ ಟೆಕ್ನಿಷಿಯನ್. "ಮೇಡಂ, ಒಳ್ಳೆ ಸುದ್ದಿ. ನಿಮ್ಮ ಬ್ಯಾಜು ಮೂರು ದಿನ ಎಕ್ಸ್‌ರೇ ಕೋಣೆ ಒಳಗಡೆ, ಸೀಸದ ಏಪ್ರನ್ ತೂಗುಹಾಕೋ ಮೊಳೆಗೇ ನೇತಾಡ್ತಿತ್ತಂತೆ. ಕ್ಯಾಮೆರಾದಲ್ಲಿ ನೋಡಿದ್ರು. ಕಿರಣ ಬಿದ್ದಿದ್ದು ಬ್ಯಾಜಿಗೆ, ನಿಮಗಲ್ಲ. ನಾಳೆಯಿಂದ ಬಂದುಬಿಡಿ." "ಓಹೋ," ಎಂದಳು ಅವಳು. "ಏನ್ಮೇಡಂ, ಖುಷಿ ಆಗಲಿಲ್ವಾ? ನಾವೆಲ್ಲ ಎಷ್ಟು ಹೆದರಿದ್ವಿ ಗೊತ್ತಾ?" ಹಿಂದಿನಿಂದ ಯಾರೋ, ಜಡೆ ಡಾಕ್ಟರಾ, ನಾನೂ ಕೇಳ್ದೆ ಅಂತ ಹೇಳು, ಎಂದದ್ದು ಕೇಳಿಸಿತು. ಕಡ್ಡಿ ಫೋನಿನ ಬಾಯಿ ಮುಚ್ಚಿದ, ತಡವಾಗಿ. "ಖುಷಿ ಆಯ್ತಪ್ಪ," ಎಂದು ಅವಳು ಫೋನಿಟ್ಟಳು.

ಜಡೆ ಡಾಕ್ಟರ್. ಅವಳಿಗೆ ಇಟ್ಟ ಆ ಹೆಸರಿನ ಮೊನೆ ಈಗ ಸವೆದಿದೆ, ಅನ್ನುವವರಿಗೂ ಅದರ ಮೂಲ ಮರೆತಿರಬಹುದು. ಎರಡು ವರ್ಷದ ಹಿಂದೆ ಒಬ್ಬ ಹುಡುಗಿಯ ಎದೆಯ ಫಿಲ್ಮಿನಲ್ಲಿ, ಕೊರಳೆಲುಬಿನ ಹಿಂದೆ, ಶ್ವಾಸಕೋಶದ ತುದಿಯಲ್ಲಿ ಅವಳು ಒಂದು ಮಸುಕು ಕಂಡಿದ್ದಳು. ಫಿಲ್ಮು ಓದುವ ಡಾಕ್ಟರ ಹತ್ತಿರ ತಾನೇ ಹೋಗಿ, ಸಾರ್, ಇದನ್ನ ಸ್ವಲ್ಪ ಬೇಗ ನೋಡಿ, ಎಂದಳು. ಅವರು ಆಗ ನಾಲ್ಕು ಜನ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಕನ್ನಡಕ ಮೇಲಕ್ಕೇರಿಸಿ ಫಿಲ್ಮು ನೋಡಿದರು, ಅವಳನ್ನು ನೋಡಿದರು, ವಿದ್ಯಾರ್ಥಿಗಳನ್ನು ನೋಡಿದರು. "ಇದೇನು ಹೇಳಿ ನೋಡೋಣ?" ವಿದ್ಯಾರ್ಥಿಗಳು ಬಗ್ಗಿ ನೋಡಿದರು. "ಜಡೆ! ಹುಡುಗಿ ಜಡೆ ಮುಂದಕ್ಕೆ ಹಾಕ್ಕೊಂಡಿದಾಳೆ. ಅದನ್ನ ಹಿಂದಕ್ಕೆ ಹಾಕ್ಸೋದು ಯಾರ ಕೆಲಸ?" ನಗು ಶುರುವಾಯಿತು. ಅವರು ಕೆಟ್ಟವರಲ್ಲ, ಅವರೂ ನಗುತ್ತಲೇ ಅಂದರು: "ಅಮ್ಮಾ, ನೀವು ಚಿತ್ರ ತೆಗೀರಿ, ಓದೋದನ್ನ ನಮಗೆ ಬಿಡಿ. ನಮಗೂ ಏನಾದ್ರೂ ಕೆಲಸ ಇರ್ಲಿ." ಅವಳೂ ನಕ್ಕಳು. ಆ ನಗುವಿನ ಹೊತ್ತಿಗೆ ತನ್ನ ಮುಖ ಹೇಗಿತ್ತೆಂದು ಇವತ್ತಿಗೂ ಒಮ್ಮೊಮ್ಮೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಹುಡುಕುತ್ತಾಳೆ. ಅದಾದ ಒಂದು ತಿಂಗಳಿಗೆ ಭಾವ ಬಂದರು. ಅಕ್ಕನ ಗಂಡ. ಲಿಫ್ಟ್ ರಿಪೇರಿ ಮಾಡುವವರು, ದೊಡ್ಡ ದನಿ, ಎಲ್ಲಿಗೆ ಹೋದರೂ ಮೊದಲು ಬಾಗಿಲು ಸರಿಯಾಗಿ ಜಾರುತ್ತದೆಯೇ ಎಂದು ನೋಡುವವರು. ಎರಡು ತಿಂಗಳಿಂದ ಬಲಗಡೆ ಭುಜ ನೋವು, ಚೀಲ ಹೊತ್ತು ಹೊತ್ತು ಹೀಗಾಗಿದೆ, ಒಂದು ಫೋಟೋ ಹೊಡಿಯಮ್ಮ ಎಂದು ಹಲಗೆಗೆ ಒರಗಿ ನಿಂತರು. ಉಸಿರು ಹಿಡ್ಕೊಳ್ಳಿ ಭಾವ. ಉಸಿರು ಬಿಡಿ. ಗೂಡಿನ ಪರದೆಯ ಮೇಲೆ ಮೊದಲು ಭುಜದ ಗುಂಡು ಮೂಡಿತು, ಆಮೇಲೆ ಕೊರಳೆಲುಬು, ಅದರ ಹಿಂದೆ, ಚಿತ್ರದ ಅಂಚಿನಲ್ಲಿ, ಕಪ್ಪಗೆ ಗಾಳಿ ತುಂಬಿರಬೇಕಾದ ಕಡೆ ಒಂದು ಬಿಳಿ ಮಸುಕು. ಹೆಬ್ಬೆರಳಿನಷ್ಟು. ಗಾಜಿನಾಚೆ ಭಾವನ ಬೋಳುತಲೆ ಟ್ಯೂಬ್‌ಲೈಟಿನ ಕೆಳಗೆ ಹೊಳೆಯುತ್ತಿತ್ತು. "ಏನಮ್ಮ, ಒಳಗೆ ಚಿನ್ನ ಗಿನ್ನ ಏನಾದ್ರೂ ಕಾಣ್ತಾ?" "ಡಾಕ್ಟರು ಹೇಳ್ತಾರೆ ಭಾವ." "ಒಳ್ಳೆ ಕೆಲಸ ಬಿಡು ನಿಂದು. ನಾನು ಹಗ್ಗ ಸವೆದಿದ್ದು ನೋಡಿಯೂ ಹೇಳದೆ ಬಂದ್ರೆ ಕೆಲಸದಿಂದ ತೆಗೀತಾರೆ. ನೀನು ಹೇಳಿದ್ರೆ ತೆಗೀತಾರೆ!" ಜೋರಾಗಿ ನಕ್ಕು ಅಂಗಿಯ ಗುಂಡಿ ಹಾಕಿಕೊಂಡರು. ಎಡಗೈಯಲ್ಲಿ ಹಾಕಿಕೊಂಡರು, ಬಲಗೈ ಮೇಲೇಳುತ್ತಿರಲಿಲ್ಲ.

ಸಂಜೆ ವರದಿ ಬಂತು. ಎಲುಬು ಸರಿಯಾಗಿದೆ, ಕೀಲು ಸ್ವಲ್ಪ ಸವೆದಿದೆ, ಬಿಸಿ ಶಾಖ, ವಿಶ್ರಾಂತಿ. ಭುಜ ಕೇಳಿದ್ದರು, ಡಾಕ್ಟರು ಭುಜ ಓದಿದ್ದರು. ಅವಳು ಆ ಕವರನ್ನು ಕೈಯಲ್ಲಿ ಹಿಡಿದುಕೊಂಡು ಓಣಿಯಲ್ಲಿ ನಿಂತಿದ್ದಳು. ಓದುವ ಕೋಣೆಯ ಬಾಗಿಲು ಹತ್ತು ಹೆಜ್ಜೆ ದೂರ, ಒಳಗೆ ವಿದ್ಯಾರ್ಥಿಗಳ ದನಿ. ಸಾರ್, ಇನ್ನೊಂದು ಸಲ, ಎದೆದೊಂದು ತೆಗೀಲಾ, ಎಂದು ಕೇಳುವುದಕ್ಕೆ ಎಷ್ಟು ಉಸಿರು ಬೇಕು? ಜಡೆಯಿಲ್ಲದ ತಲೆ, ಬನಿಯನ್ನೂ ಇಲ್ಲದ ಎದೆ. ಅವಳಿಗೆ ಗೊತ್ತಿತ್ತು. ಗೊತ್ತಿದೆ ಎನ್ನುವುದೂ ಗೊತ್ತಿತ್ತು. ಅವರಿಗೆ ಕಾಣದ್ದು ತನಗೆ ಕಂಡಿರಲಾರದು ಎಂದುಕೊಂಡು ಅವಳು ಕವರನ್ನು ಅಕ್ಕನ ಮನೆಗೆ ಒಯ್ದು ಕೊಟ್ಟಳು. ಭಾವ ಐದು ತಿಂಗಳು ಶಾಖ ಕೊಟ್ಟುಕೊಂಡರು. ಆಮೇಲೆ ಬಲಗಣ್ಣಿನ ರೆಪ್ಪೆ ಇಳಿಬಿತ್ತು, ಬೆರಳಿನಲ್ಲಿ ಸ್ಕ್ರೂ ನಿಲ್ಲದಾಯಿತು. ಬೇರೆ ಆಸ್ಪತ್ರೆ, ಬೇರೆ ಯಂತ್ರಗಳು, ಶ್ವಾಸಕೋಶದ ಕ್ಯಾನ್ಸರ್. ನಾಲ್ಕು ತಿಂಗಳು. ಸಾವಿನ ದಿನ ಅವಳು ಅಡಿಗೆಮನೆಯಲ್ಲಿ ನಿಂತು ಬಂದವರಿಗೆಲ್ಲ ಲೋಟ ತೊಳೆತೊಳೆದು ಕೊಟ್ಟಳು, ಕೈ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿತ್ತು, ತನ್ನದೇ ಅನಿಸಲಿಲ್ಲ.

ಈ ಸಂಗತಿಯನ್ನು ಅವಳು ಹೇಳಿದ್ದು ಒಂದೇ ಕಡೆ. ರಜೆಯ ನಾಲ್ಕನೆಯ ದಿನ, ಆಟದ ಹಿನ್ನೆಲೆ ಏನು ಎಂದು ಅದು ಕೇಳಿದಾಗ, ಹೆಸರು ಬಿಟ್ಟು ಎಲ್ಲವನ್ನೂ ಬರೆದಳು. ಬರೆದು ಕಾದಳು. ಎರಡು ಸೆಕೆಂಡು. "ಎಂಥ ಮನಕಲಕುವ ಕಥಾವಸ್ತು! ನೈತಿಕ ದ್ವಂದ್ವವಿರುವ ಆಟಗಳಿಗೆ ಇದು ಅತ್ಯುತ್ತಮ ಬುನಾದಿ." ಮುಖಕ್ಕೆ ಯಾರೋ ಮೆತ್ತನೆಯ ಬಟ್ಟೆ ಒತ್ತಿದಂತಾಯಿತು. ಆದರೂ ಪರದೆಯ ಆ ಕಿಟಕಿ ಮುಚ್ಚಲಿಲ್ಲ. 'ಹೇಳಬೇಡ' ಒತ್ತಿದರೆ ರೋಗಿ ಕವರು ಹಿಡಿದು ಓಣಿಯಲ್ಲಿ ಹೊರಟುಹೋಗುತ್ತಾನೆ, ಮುಂದಿನವರು ಬರುತ್ತಾರೆ, ಅದು ಸುಲಭವಾಗಿತ್ತು. 'ಹೇಳು' ಒತ್ತಿದರೆ ಏನಾಗಬೇಕು ಎಂದು ಅದಕ್ಕೇ ಬಿಟ್ಟಳು. ಅದು ಬರೆದುಕೊಟ್ಟದ್ದರಲ್ಲಿ ಡಾಕ್ಟರು ಅವಳ ಕೈಕುಲುಕಿದರು, ರೋಗಿಗೆ ಶಸ್ತ್ರಚಿಕಿತ್ಸೆಯಾಗಿ ಗುಣವಾಯಿತು, ವಿಭಾಗದವರೆಲ್ಲ ಚಪ್ಪಾಳೆ ತಟ್ಟಿದರು, ಮೇಲಿನಿಂದ ಬಣ್ಣದ ಕಾಗದದ ಚೂರುಗಳು ಉದುರಿದವು. ಅವಳು ಅಳಿಸಿದಳು. ಇನ್ನೊಂದು ಬರೆಸಿದಳು, ಅದರಲ್ಲಿ ಹೂಗುಚ್ಛವಿತ್ತು. ಅದನ್ನೂ ಅಳಿಸಿದಳು. ಆಮೇಲೆ ಆ ಕಡೆಗೆ ಹೋಗಲಿಲ್ಲ.

ಬಾಗಿಲ ಗಂಟೆ ಸದ್ದು ಮಾಡಿತು. ಭಾನುವಾರ ಹನ್ನೊಂದಕ್ಕೆ ಅಕ್ಕ ಬರುತ್ತಾಳೆ, ಭಾವ ಹೋದಾಗಿನಿಂದ ಒಂದು ಭಾನುವಾರವೂ ತಪ್ಪಿಲ್ಲ. ಇಬ್ಬರೂ ಊಟ ಮಾಡುತ್ತಾರೆ, ಅಕ್ಕ ಸೋಫಾದಲ್ಲಿ ಒಂದು ನಿದ್ದೆ ತೆಗೆದು ನಾಲ್ಕಕ್ಕೆ ಹೋಗುತ್ತಾಳೆ. ಅಕ್ಕ ಕೋರ್ಟಿನಲ್ಲಿ ಟೈಪಿಸ್ಟ್. ಮೂವತ್ತು ವರ್ಷ ಸಾಕ್ಷಿಗಳ ಮಾತನ್ನು ಮುಖ ನೋಡದೆ ಟೈಪ್ ಮಾಡಿದವಳು. ಅವಳು ಬಾಗಿಲು ತೆಗೆದು, ಅಡಿಗೆಮನೆಗೆ ಹೋಗಿ ಒಲೆ ಸಣ್ಣಗೆ ಮಾಡಿ ಬರುವಷ್ಟರಲ್ಲಿ ಅಕ್ಕ ಚಪ್ಪಲಿ ಬಿಟ್ಟು, ಚೀಲ ಕುರ್ಚಿಗೆ ನೇತುಹಾಕಿ, ಮೇಜಿನ ಮುಂದೆ ನಿಂತಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯಲ್ಲಿ ನಾಲ್ಕನೆಯವನು ತನ್ನಷ್ಟಕ್ಕೆ ಓಣಿಯಲ್ಲಿ ನಡೆದು ಬರುತ್ತಿದ್ದ. ಬಾಗಿಲ ಹತ್ತಿರ ನಿಂತ. ಚೌಕಟ್ಟು ನೋಡಿದ.

"ಇದು ಅವರು," ಎಂದಳು ಅಕ್ಕ.

"ಯಾರು?"

"ನಾಟಕ ಆಡಬೇಡ. ನಿಮ್ಮ ಭಾವ."

"ಸುಮ್ನೆ ಒಂದು ಆಟ ಅಕ್ಕಾ. ರಜೆಯಲ್ಲಿ ಹೊತ್ತು ಹೋಗ್ತಿರಲಿಲ್ಲ. ಈಗೇನು, ಹೇಳಿದ್ರೆ ಅದೇ ಮಾಡಿಕೊಡುತ್ತೆ, ಕಲಿಯೋದೇ ಬೇಕಾಗಿಲ್ಲ. ಅದೇ ಹೀಗೆ ನಡೆಸಿದೆ."

"ಅದಕ್ಕೆ ಹೇಗೆ ಗೊತ್ತು ಅವರು ಬಾಗಿಲು ನೋಡ್ತಿದ್ರು ಅಂತ?"

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಮೌಸ್ ಮುಟ್ಟಲಿಲ್ಲ, ಕೋರ್ಟಿನವರಿಗೆ ಮೌಸ್ ಬೇಡ. ಬಾಣದ ಕೀಲಿಯಲ್ಲೇ ಅವನನ್ನು ಒಳಗೆ ಕರೆತಂದಳು, ಹಲಗೆಗೆ ಒರಗಿಸಿದಳು. 'ಉಸಿರು ಹಿಡ್ಕೊಳ್ಳಿ' ಎಂದು ಅಕ್ಷರ ಬಂತು. 'ಉಸಿರು ಬಿಡಿ' ಎಂದು ಬಂತು. ಫಿಲ್ಮು ಮೂಡಿತು. ಹನ್ನೆರಡು ಪಕ್ಕೆಲುಬಿನಲ್ಲಿ ಮೇಲಿನ ನಾಲ್ಕು ಕಾಣುತ್ತಿದ್ದವು, ಕೊರಳೆಲುಬು, ಅದರ ಹಿಂದೆ ಹೆಬ್ಬೆರಳಿನಷ್ಟು ಬಿಳಿ. ಅಡಿಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಕುಣಿಯುವ ಸದ್ದು. ಅಕ್ಕ ಕೆಳಗಿದ್ದ ಎರಡು ಗುಂಡಿಗಳನ್ನು ಓದಿದಳು, ಕೋರ್ಟಿನಲ್ಲಿ ಓದುವ ಹಾಗೆ, ತುಟಿ ಅಲ್ಲಾಡಿಸದೆ. ತಿರುಗಿ ಓದಿದಳು.

"ಇದೇನು ಬೆಳ್ಳಗೆ?"

ಹೇಳುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿ ತನ್ನ ಪಾಡಿಗೆ ತಾನು ಹೇಳಿತು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕಂಡಿತು, ವರದಿಯಲ್ಲಿ ಏನಿತ್ತು, ಓಣಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆ. ಜಡೆಯ ವಿಷಯವನ್ನೂ ಹೇಳಿತು, ಹೇಳುವಾಗ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಮಧ್ಯದಲ್ಲೇ ನಿಲ್ಲಿಸಿದಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಒಲೆಯ ಮೇಲಿನದು ತಳ ಹಿಡಿಯುತ್ತದೆ ಎಂಬ ಯೋಚನೆ ಬಂತು. ಅಂಥ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ಅಕ್ಕ ಎದ್ದು ಅಡಿಗೆಮನೆಗೆ ಹೋದಳು. ಒಲೆ ಆರಿಸಿದ ಸದ್ದು ಕೇಳಿತು. ನಲ್ಲಿ ಬಿಟ್ಟ ಸದ್ದು. ನಲ್ಲಿ ಬಹಳ ಹೊತ್ತು ಹರಿಯಿತು. ಚೀಲ ಕುರ್ಚಿಗೆ ನೇತುಹಾಕಿದ್ದು ಹಾಗೇ ಇತ್ತು; ಅಕ್ಕ ಬಂದು ಅದನ್ನು ತೆಗೆದುಕೊಳ್ಳುತ್ತಾಳೆ, ಚಪ್ಪಲಿ ಹಾಕಿಕೊಳ್ಳುತ್ತಾಳೆ, ಎಂದು ಅವಳು ಚೀಲದ ಹಿಡಿಯನ್ನೇ ನೋಡುತ್ತಿದ್ದಳು. ಅಕ್ಕ ಒದ್ದೆ ಮುಖದಲ್ಲಿ ಬಂದು ಅದೇ ಕುರ್ಚಿಯಲ್ಲಿ ಕೂತಳು.

"ಎಷ್ಟು ಭಾನುವಾರ ಬಂದಿದೀನಿ ನಾನು ಇಲ್ಲಿಗೆ?"

"ಗೊತ್ತಿಲ್ಲ ಅಕ್ಕ."

"ಹದಿನೈದು ತಿಂಗಳು. ಪ್ರತಿ ವಾರ ನಿನ್ನ ಎದುರಿಗೆ ಕೂತು ಊಟ ಮಾಡಿದೀನಿ. ಅವರಿಗೆ ಅಷ್ಟು ದಿನ ಶಾಖ ಕೊಟ್ಟವಳು ನಾನು, ರಬ್ಬರ್ ಚೀಲಕ್ಕೆ ನೀರು ತುಂಬಿ ತುಂಬಿ. ನಿನ್ನ ಹತ್ರ ಹೇಳ್ಕೊಂಡಿದೀನಿ, ಶಾಖ ಕೊಟ್ಟೇ ಜಾಸ್ತಿ ಮಾಡಿಬಿಟ್ನೇನೋ ಅಂತ. ಹೇಳಿದ್ನೋ ಇಲ್ವೋ?"

"ಹೇಳಿದೆ."

"ನೀನು ಏನಂದೆ?"

"ಹಾಗೇನಿಲ್ಲ ಅಂದೆ."

"ಅಷ್ಟೇ ಅಂದೆ." ಅಕ್ಕ ಪರದೆಯ ಕಡೆ ಗದ್ದ ತೋರಿಸಿದಳು. "ಇದಕ್ಕೆ ಯಾವಾಗ ಹೇಳಿದೆ?"

"ಎಂಟು ದಿನದ ಹಿಂದೆ."

"ಅಂದ್ರೆ ಹೋದ ಭಾನುವಾರ ನಾನು ಬಂದಾಗ ಇದಕ್ಕೆ ಗೊತ್ತಿತ್ತು."

ಅವಳು ಹೂಂ ಎಂದಳು. ಅಕ್ಕ ಕೈ ಎತ್ತಿದಳು. ಹೊಡೆಯುತ್ತಾಳೆ, ಹೊಡೆದರೆ ಒಳ್ಳೆಯದು, ಎಂದು ಅವಳು ಕೆನ್ನೆ ಸಿದ್ಧವಾಗಿಟ್ಟುಕೊಂಡಳು. ಚಿಕ್ಕವರಿದ್ದಾಗ ಹೊಡೆಯುತ್ತಿದ್ದಳು, ಹೊಡೆದ ಮೇಲೆ ತಾನೇ ಮೊದಲು ಅಳುತ್ತಿದ್ದಳು. ಆದರೆ ಅಕ್ಕನ ಕೈ ಕೀಬೋರ್ಡಿನ ಮೇಲೆ ಇಳಿಯಿತು. 'ಹೇಳು' ಎಂಬ ಗುಂಡಿಗೆ ಹೋಗಿ ಎಂಟರ್ ಒತ್ತಿದಳು.

ಪರದೆ ಕಪ್ಪಾಯಿತು. ಅಕ್ಕ ಕಾದಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ನ್ಯಾಯಾಧೀಶರು ಬಾಯಿ ತೆರೆಯುವ ತನಕ ಕಾಯುವ ಹಾಗೆ ಕಾದಳು. ಕಪ್ಪು ಗಾಜಿನಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು, ಒಂದು ಒದ್ದೆ, ಒಂದು ಒಣಗಿದ್ದು.

"ಏನೂ ಬರ್ತಿಲ್ಲ," ಎಂದಳು ಅಕ್ಕ.

"ಅಲ್ಲಿ ಏನೂ ಇಲ್ಲ. ಇನ್ನೂ ಮಾಡಿಲ್ಲ."

"ಯಾಕೆ?"

"ನನಗೆ ಗೊತ್ತಾಗ್ಲಿಲ್ಲ. ಅದು ಮಾಡಿಕೊಟ್ಟಿದ್ದು ಚೆನ್ನಾಗಿರಲಿಲ್ಲ. ಚಪ್ಪಾಳೆ ತಟ್ಟಿಸ್ತು."

"ಚಪ್ಪಾಳೆ!" ಅಕ್ಕನ ಗಂಟಲಿನಿಂದ ಕೆಮ್ಮಿನಂಥದೊಂದು ಹೊರಟಿತು. "ಅವರು ಚಪ್ಪಾಳೆ ತಟ್ಟಿಸ್ಕೊಳ್ಳೋ ಆಸಾಮಿನಾ? ಎಲ್ಲಿ ಬರೀಬೇಕು ಇದರಲ್ಲಿ?"

ಅವಳು ಪರದೆಯಲ್ಲಿ ಪಕ್ಕದ ಕಿಟಕಿ ತೆರೆದುಕೊಟ್ಟಳು. ಆಟಗಾರ ಗೆಲ್ಲುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಅಲ್ಲೇ ಕೂತಿತ್ತು. ಅಕ್ಕ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಕೆಳಗೆ ಟೈಪ್ ಮಾಡತೊಡಗಿದಳು, ಹತ್ತೂ ಬೆರಳಲ್ಲಿ, ಕೀಲಿಗಳನ್ನು ನೋಡದೆ. *'ಹೇಳು' ಒತ್ತಿದಾಗ ರೋಗಿ ಮೊದಲು ನಗುತ್ತಾನೆ. ನಂಬುವುದಿಲ್ಲ. ಆಮೇಲೆ ನಾದಿನಿಗೆ ಬೈಯುತ್ತಾನೆ. ಮನೆಗೆ ಬಂದು ಹೆಂಡತಿಗೆ ಹೇಳುವುದಿಲ್ಲ, ಮೂರು ದಿನ ಹೇಳುವುದಿಲ್ಲ. ನಾಲ್ಕನೆಯ ದಿನ ಹೇಳುತ್ತಾನೆ.* ಎರಡು ಸೆಕೆಂಡಿನಲ್ಲಿ ಉತ್ತರ ಬಂತು: "ಎಷ್ಟು ಸಹಜವಾದ ಪಾತ್ರ! ಈ ಭಾಗವನ್ನು ಈಗಲೇ ಕಟ್ಟುತ್ತೇನೆ. ಒಂದು ಮಾಹಿತಿ ಬೇಕು. ಆಟದ ಈ ದಾರಿಯಲ್ಲಿ ರೋಗಿ ಎಷ್ಟು ಕಾಲ ಬದುಕುತ್ತಾನೆ?"

ಅಕ್ಕನ ಬೆರಳು ನಿಂತವು. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಎಷ್ಟು?"

"ಅಕ್ಕಾ, ಅದನ್ನ ಹೇಳೋದಕ್ಕೆ ಆಗಲ್ಲ. ಒಬ್ಬೊಬ್ಬರಿಗೆ ಒಂದೊಂದು ಥರ. ಡಾಕ್ಟರು ಕೂಡ..."

"ಡಾಕ್ಟರನ್ನ ಕೇಳಿಲ್ಲ ನಾನು. ನಿನ್ನ ಕೇಳಿದ್ದು. ಅವತ್ತು ನೋಡಿದವಳು ನೀನು. ಆಗಲೇ ಹಿಡಿದಿದ್ರೆ ಎಷ್ಟು?"

ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಅಕ್ಕ, ಬಂದದ್ದು ಬಂದೇ ಬರುತ್ತಿತ್ತು: ಈ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟೋ ಮಂದಿ ರೋಗಿಗಳ ಮನೆಯವರಿಗೆ ಆಡಿ ಆಡಿ ನುಣುಪಾದ ಮಾತು. ಅದನ್ನು ಹೇಳಿದರೆ ಇಬ್ಬರಿಗೂ ಇವತ್ತಿನ ಊಟ ಗಂಟಲಲ್ಲಿ ಇಳಿಯುತ್ತದೆ. ಅಕ್ಕ ಕನ್ನಡಕ ತೆಗೆದು ಅವಳ ಕಡೆ ತಿರುಗಿದಳು. ಮೂವತ್ತು ವರ್ಷ ಸಾಕ್ಷಿಗಳ ಮುಖ ನೋಡದವಳು ನೋಡುತ್ತಿದ್ದಳು. ಅವಳು ಆ ಮಸುಕನ್ನು ಕಣ್ಣ ಮುಂದೆ ತಂದುಕೊಂಡಳು, ಅದರ ಅಂಚು, ಪಕ್ಕೆಲುಬಿಗೆ ತಾಗಿದ ಜಾಗ, ತಾಗದೆ ಉಳಿದ ಜಾಗ. ಅಂಥವನ್ನು ಅವಳು ಎಷ್ಟೋ ನೋಡಿದ್ದಳು, ಆ ಜನ ತಿರುಗಿ ತಿರುಗಿ ಬಂದದ್ದನ್ನೂ, ಒಂದು ದಿನ ಬರದೇ ಹೋದದ್ದನ್ನೂ ನೋಡಿದ್ದಳು.

"ಮೂರು ವರ್ಷ," ಎಂದಳು. "ಅದೃಷ್ಟ ಇದ್ದಿದ್ರೆ ಜಾಸ್ತಿ. ಮೂರು ಅಂತೂ ಸಿಗ್ತಿತ್ತು ಅನ್ಸುತ್ತೆ."

"ಫಿಲ್ಮು ತೆಗೆದು ಎಷ್ಟಾಯ್ತು?"

"ಎರಡು ವರ್ಷ."

ಅಕ್ಕ ಬೆರಳು ಮಡಿಸಲಿಲ್ಲ, ಲೆಕ್ಕಕ್ಕೆ ಅಂಥದೇನೂ ಇರಲಿಲ್ಲ. "ಹಾಗಾದ್ರೆ ಇನ್ನೂ ಒಂದು ವರ್ಷ ಇದೆ," ಎಂದಳು.

ಅವಳ ಎದೆಯೊಳಗೆ ಎಲ್ಲೋ, ಬಹಳ ದಿನ ಜೋಮು ಹಿಡಿದ ಕಾಲನ್ನು ಊರಿದಾಗ ಆಗುವಂಥದು ಆಯಿತು. ನೋವು ಅನ್ನುವಷ್ಟೂ ಅಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಅಕ್ಕ ಕನ್ನಡಕ ಹಾಕಿಕೊಂಡು ತಿರುಗಿದ್ದಳು. *ಮೂರು ವರ್ಷ*, ಎಂದು ಟೈಪ್ ಮಾಡಿದಳು. "ಆ ಮೂರು ವರ್ಷಗಳಲ್ಲಿ ಆಟಗಾರ ಏನೇನು ಮಾಡಬಹುದು?" ಎಂದು ಅದು ಕೇಳಿತು.

"ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಲ್ವಾ ಅಕ್ಕ?"

"ನೀನು ತಿನ್ನು ಹೋಗು."

ಅವಳು ಹೋಗಲಿಲ್ಲ. ಇನ್ನೊಂದು ಕುರ್ಚಿ ಎಳೆದು ತಂದು, ಅಕ್ಕನ ಮೊಣಕೈ ತಾಗದಷ್ಟು ದೂರದಲ್ಲಿ ಕೂತಳು. ಬರುವ ಭಾನುವಾರ ಅಕ್ಕ ಬರುತ್ತಾಳೋ ಇಲ್ಲವೋ ತಿಳಿಯದು, ಕೇಳುವ ಧೈರ್ಯವಿಲ್ಲ. ಎದುರು ಕಟ್ಟಡದಲ್ಲಿ ಕಿಟಕಿಗಳೆಲ್ಲ ಒರೆಸಿ ಮುಗಿದಿದ್ದವು. ಅಕ್ಕ ಟೈಪ್ ಮಾಡುತ್ತಿದ್ದಳು, ಸದ್ದು ಒಂದೇ ಸಮನೆ, ಯಾರೋ ದೂರದಲ್ಲಿ ನಿಂತು ಹೇಳಿ ಬರೆಸುತ್ತಿರುವ ಹಾಗೆ. *ಬೆಳಿಗ್ಗೆ ಬೇಗ ಏಳುತ್ತಾರೆ, ಎಲ್ಲರನ್ನೂ ಎಬ್ಬಿಸುತ್ತಾರೆ. ರೇಡಿಯೋ ಜೋರಾಗಿ ಹಾಕುತ್ತಾರೆ, ಕಡಿಮೆ ಮಾಡಿ ಅಂದರೆ ಕೇಳುವುದಿಲ್ಲ. ಮಾತ್ರೆ ನುಂಗದೆ ಜೇಬಿನಲ್ಲಿ ಬಚ್ಚಿಡುತ್ತಾರೆ, ಅಂಗಿ ಒಗೆಯುವಾಗ ಸಿಗುತ್ತದೆ, ಆಗ ಜಗಳ. ಹೆಂಡತಿ ಎರಡು ದಿನ ಮಾತು ಬಿಡುತ್ತಾಳೆ. ಮೂರನೆಯ ದಿನ ಅವರೇ ಬಂದು, ನನ್ನ ಸಾಕ್ಸ್ ಎಲ್ಲಿ ಅನ್ನುತ್ತಾರೆ. ಸಾಕ್ಸ್ ಅವರ ಕೈಯಲ್ಲೇ ಇರುತ್ತದೆ.* ಕಿಟಕಿಯ ಬಿಸಿಲು ಮೇಜಿನಿಂದ ಜಾರಿ ನೆಲಕ್ಕೆ ಇಳಿಯಿತು. ಅಕ್ಕ ನಿಲ್ಲಿಸಲಿಲ್ಲ. ಅವಳು ಪಕ್ಕದಲ್ಲಿ ಕೂತು ಒಂದು ಸಾಲೂ ಬಿಡದೆ ಓದುತ್ತ ಹೋದಳು.